ಸಿಸಿಲಿಯನ್ನು ಬಿಸಿಲಿನ ವೇಳಾಪಟ್ಟಿಯಲ್ಲಿ ನೋಡುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಮೆಡಿಟರೇನಿಯನ್ ಸಮುದ್ರದ ಅತಿ ದೊಡ್ಡ ದ್ವೀಪವಾದ ಸಿಸಿಲಿಗೆ ಹೋಗಿಬಂದವರಲ್ಲಿ ಅನೇಕರು ಒಂದೇ ದೂರನ್ನು ಹೇಳುತ್ತಾರೆ: ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು, ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ನೋಡಬೇಕೆಂದುಕೊಂಡದ್ದರಲ್ಲಿ ಅರ್ಧವೂ ನೋಡಲಾಗಲಿಲ್ಲ. ಮೊದಲ ಸಲ ಹೋದಾಗ ನಾನೂ ಹೀಗೆಯೇ ಗೊಣಗಿದ್ದೆ. ಆ ದ್ವೀಪದವರು ತಮ್ಮ ತಿಂಡಿ, ನಾಟಕ, ಉಪ್ಪಿನ ಕೊಯ್ಲು, ನಿದ್ದೆ ಎಲ್ಲವನ್ನೂ ಸೂರ್ಯನ ಏರಿಳಿತಕ್ಕೆ ಹೊಂದಿಸಿಕೊಂಡಿದ್ದಾರೆ ಎಂಬುದು ಎರಡನೆಯ ಸಲವಷ್ಟೇ ನನ್ನ ತಲೆಗೆ ಹೋಯಿತು. ನಾವೂ ಅದೇ ಲೆಕ್ಕವನ್ನು ಹಿಡಿದರೆ, ಪ್ರವಾಸಿ ಬಸ್ಸುಗಳು ತೋರಿಸದ ಸಿಸಿಲಿ ಹತ್ತು ದಿನಗಳೊಳಗೆ ತಕ್ಕಮಟ್ಟಿಗೆ ದಕ್ಕುತ್ತದೆ. ಪೂರ್ವದ ಮೆಸ್ಸೀನಾದಲ್ಲಿ ಒಳಹೊಕ್ಕು ಪಶ್ಚಿಮದ ತ್ರಾಪಾನಿಯಲ್ಲಿ ಹೊರಬೀಳುವ ಕ್ರಮದಲ್ಲಿ ಮುಂದಿನ ಹಂತಗಳನ್ನು ಜೋಡಿಸಿದ್ದೇನೆ.

ಮೊದಲ ಹಂತ: ತಿಂಗಳನ್ನು ಆರಿಸುವುದು

ಆಗಸ್ಟ್ ತಿಂಗಳನ್ನು ಬಿಟ್ಟುಬಿಡಿ. 2021ರ ಆಗಸ್ಟ್ 11ರಂದು ಸಿರಾಕೂಜಾ ನಗರದ ಸಮೀಪ ದಾಖಲಾದ 48.8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವನ್ನು ವಿಶ್ವ ಹವಾಮಾನ ಸಂಸ್ಥೆಯು ಯುರೋಪ್ ಖಂಡದ ದಾಖಲೆಯೆಂದು ಒಪ್ಪಿಕೊಂಡಿದೆ. ರಾಯಚೂರಿನ ಮೇ ತಿಂಗಳನ್ನು ಕಂಡವರಿಗೂ ಅದು ಹೆಚ್ಚೇ. ಇದರ ಮೇಲೆ ಆಫ್ರಿಕಾದ ಕಡೆಯಿಂದ ಬೀಸುವ ಶಿರೋಕ್ಕೊ ಎಂಬ ಬಿಸಿಗಾಳಿ ಇದೆ. ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಇಡೀ ಇಟಲಿಯೇ ರಜೆಯಲ್ಲಿರುವುದರಿಂದ ಕೋಣೆಗಳ ಬಾಡಿಗೆಯೂ ಏರಿರುತ್ತದೆ.

ಉಳಿದ ತಿಂಗಳುಗಳಲ್ಲಿ ಯಾವುದು ಎಂಬುದು ನಿಮ್ಮ ಆಸಕ್ತಿಯನ್ನು ಅವಲಂಬಿಸಿದೆ. ಗ್ರೀಕ್ ನಾಟಕ ನೋಡಬೇಕೆಂದಿದ್ದರೆ ಮೇ ನಡುವಿನಿಂದ ಜೂನ್ ಕೊನೆಯವರೆಗೆ ಹೋಗಬೇಕು. ಉಪ್ಪಿನ ಕೊಯ್ಲು ಮುಖ್ಯವೆನಿಸಿದರೆ ಸೆಪ್ಟೆಂಬರ್ ಸೂಕ್ತ. ಎಟ್ನಾ ಅಗ್ನಿಪರ್ವತದ ಬುಡದಲ್ಲಿರುವ ಬ್ರೊಂತೆ ಎಂಬ ಊರಿನ ಪಿಸ್ತಾ ಕೊಯ್ಲು ನೋಡುವ ಬಯಕೆಯಿದ್ದರೆ ಸೆಪ್ಟೆಂಬರಾದರೆ ಸಾಲದು, ವರ್ಷವೂ ಬೆಸಸಂಖ್ಯೆಯದಾಗಿರಬೇಕು. ಅಲ್ಲಿನ ಬೆಳೆಗಾರರು ಎರಡು ವರ್ಷಕ್ಕೊಮ್ಮೆ ಮಾತ್ರ ಫಸಲು ತೆಗೆಯುತ್ತಾರೆ. ಎಲ್ಲವೂ ಒಂದೇ ಪ್ರವಾಸದಲ್ಲಿ ಸಿಗುವುದಿಲ್ಲ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಎರಡನೆಯ ಹಂತ: ಕಾಗದಪತ್ರಗಳು

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಪ್ರಯಾಣದ ದಿನಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬಹುದು. ಹದಿನೈದು ದಿನಗಳಿಗಿಂತ ತಡಮಾಡುವಂತಿಲ್ಲ. ಹೆಚ್ಚು ದಿನ ಇಟಲಿಯಲ್ಲೇ ಕಳೆಯುವುದಾದರೆ ಅರ್ಜಿಯನ್ನು ಇಟಲಿಗೇ ಸಲ್ಲಿಸಬೇಕು. ವೈದ್ಯಕೀಯ ವಿಮೆಯ ಮೊತ್ತ ಕನಿಷ್ಠ 30,000 ಯೂರೊ ಇರಬೇಕು. ಕಾರು ಬಾಡಿಗೆಗೆ ಪಡೆಯುವ ಯೋಚನೆ ಒಂದು ದಿನದ ಮಟ್ಟಿಗಿದ್ದರೂ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಟ್ಟುಕೊಳ್ಳಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ವಾಹನ ಓಡಿಸಬೇಕು. ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನ ವಾಹನಗಳಿಗೆ ಪ್ರವೇಶವಿರುವುದಿಲ್ಲ. ಆ ಭಾಗದ ಗಡಿಯಲ್ಲಿರುವ ಕ್ಯಾಮೆರಾ ತೆಗೆದ ಚಿತ್ರಕ್ಕೆ ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುವುದುಂಟು.

ಮೂರನೆಯ ಹಂತ: ಹಡಗಿನೊಳಗಿನ ರೈಲಿನಲ್ಲಿ ದ್ವೀಪವನ್ನು ಸೇರುವುದು

ಕತಾನಿಯಾಕ್ಕೋ ಪಲೆರ್ಮೊಗೋ ವಿಮಾನದಲ್ಲಿ ಇಳಿಯುವುದು ಸುಲಭ. ಒಂದು ಹಗಲನ್ನು ಖರ್ಚುಮಾಡಲು ಸಿದ್ಧರಿದ್ದರೆ ರೋಮ್ ಅಥವಾ ನಾಪೊಲಿಯಿಂದ ಹೊರಡುವ ಇಂಟರ್‌ಸಿಟಿ ರೈಲನ್ನು ಹಿಡಿಯಿರಿ. ಕೊಂಕಣ ರೈಲ್ವೆಯ ರೋ-ರೋ ಸೇವೆಯಲ್ಲಿ ಲಾರಿಗಳು ರೈಲನ್ನೇರಿ ಸುರತ್ಕಲ್ಲಿನಿಂದ ಹೊರಡುವುದನ್ನು ನಾವು ಬಲ್ಲೆವು. ಇಲ್ಲಿ ರೈಲೇ ಹಡಗನ್ನು ಏರುತ್ತದೆ. ಇಟಲಿಯ ಕಾಲ್ಬೆರಳಿನಂತಿರುವ ವಿಲ್ಲಾ ಸಾನ್ ಜೊವಾನ್ನಿಯಲ್ಲಿ ರೈಲನ್ನು ತುಂಡುಮಾಡಿ, ಹಳಿಗಳಿರುವ ಹಡಗಿನ ಹೊಟ್ಟೆಯೊಳಗೆ ಬೋಗಿಗಳನ್ನು ಹಿಂದುಮುಂದಾಗಿ ತಳ್ಳುತ್ತಾರೆ. ಕೊಂಡಿಗಳು ಬಿಚ್ಚಿ ಮತ್ತೆ ಕೂಡುವ ಸದ್ದು, ಕಿಟಕಿಯಾಚೆ ಒಮ್ಮೆಲೇ ಕವಿಯುವ ಕತ್ತಲು, ಆಮೇಲೆ ಕಾಲಡಿ ಶುರುವಾಗುವ ಇಂಜಿನ್ನಿನ ಸಣ್ಣ ನಡುಕ: ಮಕ್ಕಳಿಗಂತೂ ಇಡೀ ಪ್ರವಾಸದಲ್ಲಿ ನೆನಪಿನಲ್ಲಿ ಉಳಿಯುವುದು ಇದೇ.

ಮಾಡಬೇಕಾದದ್ದು ಇಷ್ಟು. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಬಲಗಡೆ ಇರುವುದರಿಂದ ಆ ಬದಿಯ ಕಿಟಕಿಯನ್ನು ಕಾದಿರಿಸಿ. ಬೋಗಿಯ ಬಾಗಿಲು ತೆರೆದ ಬಳಿಕ, ಬೋಗಿಯ ಸಂಖ್ಯೆಯನ್ನೂ ಅದು ನಿಂತಿರುವ ಸಾಲನ್ನೂ ಗುರುತಿಟ್ಟುಕೊಂಡು ಮೇಲಟ್ಟಕ್ಕೆ ಹತ್ತಿರಿ. ಜಲಸಂಧಿಯ ಅಗಲ ಅತಿ ಕಿರಿದಾದಲ್ಲಿ ಮೂರು ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು. ಆದರೂ ತುಂಡುಮಾಡಿ ಜೋಡಿಸುವ ಕೆಲಸವೂ ಸೇರಿ ಒಂದೂವರೆ ಗಂಟೆ ಮೀರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮೆಸ್ಸೀನಾದಲ್ಲಿ ಈ ರೈಲು ಎರಡಾಗಿ ಒಂದು ಭಾಗ ಪಲೆರ್ಮೊ ಕಡೆಗೂ ಇನ್ನೊಂದು ಕತಾನಿಯಾ, ಸಿರಾಕೂಜಾ ಕಡೆಗೂ ಹೋಗುತ್ತದೆ. ಮೇಲಟ್ಟದಲ್ಲಿ ಗಾಳಿ ಕುಡಿದು ಇಳಿದುಬಂದು ತಪ್ಪು ಬೋಗಿಯಲ್ಲಿ ಆರಾಮವಾಗಿ ಕೂತಿದ್ದ ನನ್ನನ್ನು ಎಬ್ಬಿಸಿ ಕಳಿಸಿದ್ದು ಎದುರು ಆಸನದ ಒಬ್ಬ ಅಜ್ಜಿ.

ನಾಲ್ಕನೆಯ ಹಂತ: ಬೆಳಗಿನ ತಿಂಡಿಗೆ ಮಂಜು

ಪೂರ್ವ ಸಿಸಿಲಿಯಲ್ಲಿ ಬೇಸಿಗೆಯ ಬೆಳಗಿನ ಉಪಾಹಾರವೆಂದರೆ ಗ್ರಾನೀತಾ, ಅಂದರೆ ಬಾದಾಮಿ, ಕಾಫಿ, ನಿಂಬೆ, ಪಿಸ್ತಾ ಅಥವಾ ಹಿಪ್ಪುನೇರಳೆ ಹಣ್ಣಿನ ರಸವನ್ನು ಕಲಕುತ್ತ ಕಲಕುತ್ತ ನಯವಾಗಿ ಹೆಪ್ಪುಗಟ್ಟಿಸಿದ ತಿನಿಸು. ನಮ್ಮ ಜಾತ್ರೆಯ ಐಸ್‌ಗೋಲಾದ ಪುಡಿಮಂಜಿಗೂ ಇದಕ್ಕೂ ಹೋಲಿಕೆ ಸಲ್ಲದು. ಯಂತ್ರಗಳಿಲ್ಲದ ಕಾಲದಲ್ಲಿ ಚಳಿಗಾಲದ ಹಿಮವನ್ನು ಎಟ್ನಾದ ಗುಂಡಿಗಳಲ್ಲಿ ಕೂಡಿಟ್ಟು, ಬೇಸಿಗೆಯಲ್ಲಿ ಕೆಳಗಿನ ಊರುಗಳಿಗೆ ಹೊತ್ತು ತರುವುದನ್ನೇ ಕಸುಬಾಗಿಸಿಕೊಂಡವರಿದ್ದರು. ಗ್ರಾನೀತಾದ ಬೇರು ಅಲ್ಲಿದೆ.

ಜೊತೆಗೆ ಕೊಡುವ ಬ್ರಿಯೋಶ್ ಎಂಬ ಮೆತ್ತನೆಯ ಬನ್ನಿನ ನೆತ್ತಿಯ ಮೇಲೆ ಒಂದು ಸಣ್ಣ ಉಂಡೆ ಕೂತಿರುತ್ತದೆ. ಅದನ್ನು ಅಲ್ಲಿನವರು ತುಪ್ಪು ಎನ್ನುತ್ತಾರೆ. ಹೆಂಗಸರ ತುರುಬಿಗೆ ಅವರ ನುಡಿಯಲ್ಲಿರುವ ಹೆಸರು ಅದೇ. ತಿನ್ನುವ ಕ್ರಮವೂ ಅಲ್ಲಿಂದಲೇ ಆರಂಭ: ಮೊದಲು ತುರುಬನ್ನು ಕಿತ್ತು ಗ್ರಾನೀತಾದಲ್ಲಿ ಅದ್ದಿ ಬಾಯಿಗಿಟ್ಟುಕೊಳ್ಳಬೇಕು, ಉಳಿದ ಬನ್ನು ಆಮೇಲೆ. ಬ್ರಿಯೋಶ್‌ಗೆ ಮೊಟ್ಟೆ ಹಾಕಿರುತ್ತಾರೆ ಎಂಬುದು ಮೊಟ್ಟೆ ತಿನ್ನದವರಿಗೆ ಗೊತ್ತಿರಲಿ. ನಿಂತು ತಿಂದರೆ ಒಂದು ದರ, ಮೇಜಿನ ಮುಂದೆ ಕೂತರೆ ಇನ್ನೊಂದು ದರ ಇರುವುದು ಸಾಮಾನ್ಯ. ಹಲವು ಕಡೆ ಮೊದಲು ಹಣ ಕಟ್ಟಿ ಚೀಟಿ ತರಬೇಕಾಗುತ್ತದೆ.

ಕತಾನಿಯಾದಲ್ಲಿ ಸಂಜೆ ನೀರಡಿಕೆಯಾದರೆ ಚೌಕಗಳಲ್ಲಿರುವ ಪುಟ್ಟ ಗೂಡಂಗಡಿಗಳಿಗೆ ಹೋಗಿ 'ಸೆಲ್ಟ್ಸ್ ಲಿಮೋನೆ ಎ ಸಾಲೆ' ಎಂದು ಕೇಳಿ. ಸೋಡಾ, ಹಿಂಡಿದ ನಿಂಬೆ, ಉಪ್ಪು. ಸಾಲ್ಟ್ ಸೋಡಾ ಕುಡಿದು ಬೆಳೆದವರಿಗೆ ಅದರ ರುಚಿಯನ್ನು ನಾನು ವಿವರಿಸಬೇಕಾಗಿಲ್ಲ.

ಐದನೆಯ ಹಂತ: ಅಗ್ನಿಪರ್ವತಕ್ಕೆ ರೈಲಿನಲ್ಲಿ ಪ್ರದಕ್ಷಿಣೆ

3,300 ಮೀಟರಿಗೂ ಮಿಕ್ಕ ಎತ್ತರದ ಎಟ್ನಾವನ್ನು ಹತ್ತಲು ಎಲ್ಲರೂ ಹವಣಿಸುತ್ತಾರೆ. ತುದಿಯ ಬಾಯಿಗಳ ಬಳಿಗೆ ಪರವಾನಗಿ ಪಡೆದ ಮಾರ್ಗದರ್ಶಕರಿಲ್ಲದೆ ಹೋಗುವಂತಿಲ್ಲ. ಸ್ಫೋಟದ ಲಕ್ಷಣವಿದ್ದರೆ ಅದಕ್ಕೂ ತಡೆ ಬೀಳುತ್ತದೆ. ನನ್ನ ಅಭಿಪ್ರಾಯದಲ್ಲಿ ಬೆಟ್ಟವನ್ನು ಅರಿಯಲು ಅದರ ಬುಡದಲ್ಲಿ ಸುತ್ತುಬರುವುದೇ ಮೇಲು. ಚಿರ್ಕುಮೆಟ್ನೆಯಾ ಎಂಬ ಸಣ್ಣ ಗೇಜಿನ ರೈಲುಮಾರ್ಗ 1895ರಿಂದ 1898ರ ನಡುವೆ ಹಂತಹಂತವಾಗಿ ತೆರೆದುಕೊಂಡದ್ದು. ಕತಾನಿಯಾದಿಂದ ಹೊರಟು ಬೆಟ್ಟದ ಪಶ್ಚಿಮ ಹಾಗೂ ಉತ್ತರ ಮಗ್ಗುಲನ್ನು ಬಳಸಿ ಕಡಲತೀರದ ರಿಪೋಸ್ತೊ ಸೇರುವ ಸುಮಾರು 110 ಕಿಲೋಮೀಟರಿನ ಹಾದಿ. ದೇವಸ್ಥಾನದಲ್ಲಿ ನಾವು ಸುತ್ತುಬರುವಂತೆ ಇದೂ ಬೆಟ್ಟವನ್ನು ಬಲಕ್ಕಿಟ್ಟುಕೊಂಡೇ ಸುತ್ತುತ್ತದೆ. ಆದ್ದರಿಂದ ಬಲಗಡೆಯ ಕಿಟಕಿಯಲ್ಲಿ ಕೂರಿ.

ಇದು ರಾಷ್ಟ್ರೀಯ ರೈಲ್ವೆಯದಲ್ಲ; ಟಿಕೆಟ್ಟೂ ನಿಲ್ದಾಣವೂ ಬೇರೆ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ರೈಲು ಓಡುವುದಿಲ್ಲ. ಕತಾನಿಯಾಕ್ಕೆ ಹತ್ತಿರದ ಭಾಗವನ್ನು ಮೆಟ್ರೊಗೆ ಅಳವಡಿಸುವ ಕಾಮಗಾರಿಯಿಂದಾಗಿ ಮೊದಲ ತುಂಡಿಗೆ ಬಸ್ಸನ್ನು ಹಿಡಿಯಬೇಕಾಗಬಹುದು. ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಬೆಳಗಿನ ಮೊದಲ ಗಾಡಿಗಳಲ್ಲೊಂದನ್ನು ಹಿಡಿದರೆ ನಡುವೆ ಒಂದೆರಡು ಊರುಗಳಲ್ಲಿ ಇಳಿಯಲು ಅವಕಾಶವಾಗುತ್ತದೆ. ಬ್ರೊಂತೆಯಲ್ಲಿ ಲಾವಾ ಕಲ್ಲುಗಳ ಸಂದಿಯಿಂದಲೇ ಎದ್ದಿರುವ ಪಿಸ್ತಾ ಮರಗಳಿವೆ. ರಂದಾತ್ಸೊದಲ್ಲಿ ಚರ್ಚು, ಕಮಾನು, ಮೆಟ್ಟಿಲು ಎಲ್ಲವೂ ಕಪ್ಪು ಲಾವಾ ಕಲ್ಲಿನವು. ರಿಪೋಸ್ತೊದಲ್ಲಿ ಇಳಿದು, ಜಾರ್ರೆ-ರಿಪೋಸ್ತೊ ನಿಲ್ದಾಣದಿಂದ ರಾಷ್ಟ್ರೀಯ ರೈಲಿನಲ್ಲಿ ಕತಾನಿಯಾಕ್ಕೆ ಮರಳಿದರೆ ಪ್ರದಕ್ಷಿಣೆ ಪೂರ್ಣ.

ದಾರಿಯುದ್ದಕ್ಕೂ ಬೇಲಿಯಂತೆ ಕಾಣುವುದು ನಮ್ಮ ಪಾಪಾಸುಕಳ್ಳಿ. ಮೆಕ್ಸಿಕೊ ಕಡೆಯಿಂದ ಬಂದ ಈ ಗಿಡಕ್ಕೆ ಇಟಲಿಯವರು ಇಟ್ಟ ಹೆಸರು 'ಇಂಡಿಯಾದ ಅಂಜೂರ'. ಅಮೆರಿಕವನ್ನು ಇಂಡಿಯಾ ಎಂದು ತಿಳಿದ ಹಳೆಯ ತಪ್ಪು ಹಣ್ಣಿನ ಹೆಸರಿನಲ್ಲಿ ಉಳಿದುಕೊಂಡಿದೆ. ನಾವು ಬೇಲಿಗೆ ಬಿಟ್ಟ ಗಿಡವನ್ನು ಅವರು ತೋಟದ ಬೆಳೆಯಾಗಿ ಪಳಗಿಸಿದ್ದಾರೆ. ಜೂನ್ ಹೊತ್ತಿಗೆ ಮೊದಲ ಹೂವುಗಳನ್ನು ಬಡಿದು ಉದುರಿಸುತ್ತಾರೆ. ಗಿಡ ಮತ್ತೆ ಹೂ ಬಿಟ್ಟು ಶರತ್ಕಾಲದಲ್ಲಿ ಕೊಡುವ ಹಣ್ಣು ದಪ್ಪವಾಗಿಯೂ ಹೆಚ್ಚು ರಸಭರಿತವಾಗಿಯೂ ಇರುತ್ತದೆ. ಹಣ್ಣನ್ನು ಸುಲಿಸಿಯೇ ಕೊಳ್ಳಿ. ಕಣ್ಣಿಗೆ ಕಾಣದ ಅದರ ಮುಳ್ಳು ಬೆರಳಿಗೆ ಹೊಕ್ಕರೆ ಎರಡು ದಿನ ಕಾಡುತ್ತದೆ.

ಆರನೆಯ ಹಂತ: ಸೂರ್ಯಾಸ್ತಕ್ಕೆ ಹೊಂದಿಸಿದ ನಾಟಕ

ಸಿರಾಕೂಜಾದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಲಗಿಬಿಡಿ. ಊರೂ ಅದನ್ನೇ ಮಾಡುತ್ತಿರುತ್ತದೆ. ಏಳುವ ಹೊತ್ತಿಗೆ ಗುಡ್ಡದ ಬಂಡೆಯಲ್ಲಿ ಕಡೆದ ಗ್ರೀಕ್ ರಂಗಮಂದಿರದ ಕಲ್ಲುಮೆಟ್ಟಿಲುಗಳ ಕಾವು ಇಳಿಯತೊಡಗಿರುತ್ತದೆ. 1914ರಲ್ಲಿ ಪ್ರಾಚೀನ ಗ್ರೀಕ್ ನಾಟಕಕಾರ ಎಸ್ಕಿಲಸ್‌ನ 'ಅಗಮೆಮ್ನಾನ್' ಮೂಲಕ ಇಲ್ಲಿ ಗ್ರೀಕ್ ನಾಟಕಗಳ ಪ್ರದರ್ಶನ ಮತ್ತೆ ಮೊದಲಾಯಿತು. ಈಗ ಪ್ರತಿ ವರ್ಷ ಬೇಸಿಗೆಯ ಆರಂಭದಲ್ಲಿ ನಡೆಯುತ್ತದೆ. ಆಟ ಶುರುವಾಗುವಾಗ ಬೆಳಕಿರುತ್ತದೆ, ಮುಗಿಯುವಾಗ ಕತ್ತಲಾಗಿರುತ್ತದೆ. ದುರಂತ ಗಾಢವಾಗುತ್ತ ಹೋದಂತೆ ಆಕಾಶವೂ ಕಪ್ಪಾಗುತ್ತ ಬರುವುದನ್ನು ಯಾವ ದೀಪ ವಿನ್ಯಾಸಕಾರನೂ ಮಾಡಿ ತೋರಿಸಲಾರ.

ಕನ್ನಡಿಗರಿಗೆ ಈ ಸ್ಥಳದೊಡನೆ ಒಂದು ನಂಟಿದೆ. ಬಿ.ಎಂ. ಶ್ರೀಕಂಠಯ್ಯನವರು 'ಪಾರಸಿಕರು' ಎಂದು ಕನ್ನಡಕ್ಕೆ ತಂದ ಎಸ್ಕಿಲಸ್‌ನ ನಾಟಕ, ಅಥೆನ್ಸ್‌ನ ಪ್ರದರ್ಶನದ ನಂತರ ಸಿರಾಕೂಜಾದ ದೊರೆ ಹಿಯೆರೊನ ಆಹ್ವಾನದ ಮೇರೆಗೆ ಸಿಸಿಲಿಯಲ್ಲಿಯೂ ಪ್ರದರ್ಶನಗೊಂಡಿತೆಂದು ಪ್ರಾಚೀನರು ಬರೆದಿದ್ದಾರೆ. ಎಸ್ಕಿಲಸ್ ತೀರಿಕೊಂಡದ್ದೂ ಇದೇ ದ್ವೀಪದ ಜೇಲಾ ಎಂಬಲ್ಲಿ.

ನಾಟಕಗಳು ಇಟಾಲಿಯನ್ ಭಾಷೆಯಲ್ಲಿರುವುದರಿಂದ ಕಥೆಯನ್ನು ಮೊದಲೇ ಓದಿಕೊಂಡು ಹೋಗುವುದು ಅನಿವಾರ್ಯ. ಓದಿಕೊಂಡರೆ, ಯಕ್ಷಗಾನದ ಪ್ರಸಂಗ ಗೊತ್ತಿದ್ದವರಿಗೆ ಮಾತು ತಪ್ಪಿದರೂ ಆಟ ತಪ್ಪದಂತೆ, ಮೇಳದ ನಡೆಯೂ ದನಿಯೂ ಸಾಕಷ್ಟನ್ನು ತಿಳಿಸುತ್ತವೆ. ಕಲ್ಲಿನ ಮೇಲೆ ಎರಡು ಗಂಟೆ ಕೂರಬೇಕಾದ್ದರಿಂದ ದಿಂಬೊಂದನ್ನು ಒಯ್ಯಿರಿ. ಆರಂಭದ ಮುಕ್ಕಾಲು ಗಂಟೆ ಬಿಸಿಲು ಕಣ್ಣಿಗೇ ಹೊಡೆಯಬಹುದು, ಆಮೇಲೆ ಕಡಲಗಾಳಿಗೆ ಶಾಲು ಬೇಕೆನಿಸಬಹುದು. ಟೋಪಿ, ಶಾಲು ಎರಡೂ ಚೀಲದಲ್ಲಿರಲಿ.

ಏಳನೆಯ ಹಂತ: ಪಲೆರ್ಮೊದಲ್ಲಿ ಗೊಂಬೆಗಳ ಯುದ್ಧ

ಕತಾನಿಯಾದಿಂದ ಪಲೆರ್ಮೊಗೆ ಬಸ್ಸಿನಲ್ಲಿ ಮೂರು ಗಂಟೆಯ ಆಸುಪಾಸು. ಬಾಡಿಗೆ ಕಾರು ಪಡೆದವರು ಮಾತ್ರ ದ್ವೀಪದ ಪಶ್ಚಿಮದ ಒಳನಾಡಿಗೆ ತಿರುಗಿ, 1968ರ ಭೂಕಂಪದಲ್ಲಿ ನೆಲಸಮವಾದ ಹಳೆಯ ಜಿಬೆಲ್ಲಿನಾವನ್ನು ನೋಡಬಹುದು. ಕಲಾವಿದ ಆಲ್ಬೆರ್ತೊ ಬುರ್ರಿ ಅವಶೇಷಗಳ ಮೇಲೆ ಬಿಳಿ ಕಾಂಕ್ರೀಟ್ ಹೊದಿಸಿ, ಸತ್ತ ಊರಿನ ಬೀದಿಗಳನ್ನು ಬಿರುಕುಗಳಾಗಿ ಉಳಿಸಿದ್ದಾನೆ. 1980ರ ದಶಕದಲ್ಲಿ ಆರಂಭವಾದ ಈ ಕೃತಿ ಪೂರ್ಣಗೊಂಡದ್ದು 2015ರಲ್ಲಿ. ನೆರಳಿಲ್ಲದ ಜಾಗವಾದ್ದರಿಂದ ಬೆಳಗ್ಗೆಯೇ ತಲುಪಬೇಕು.

ಪಲೆರ್ಮೊದ ಮುಖ್ಯ ಕಾರ್ಯಕ್ರಮ ಸಂಜೆಯದು. ಓಪೆರಾ ಡೈ ಪೂಪಿ ಎಂಬ ಗೊಂಬೆಯಾಟವನ್ನು ಯುನೆಸ್ಕೊ 2001ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಘೋಷಿಸಿ, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಗಳನ್ನು ಕಂಡವರು ಇಲ್ಲಿ ದಾರಗಳನ್ನು ಹುಡುಕುತ್ತಾರೆ. ಇಲ್ಲಿನ ಗೊಂಬೆಯ ತಲೆಗೂ ಬಲಗೈಗೂ ಮೇಲಿನಿಂದ ಕಬ್ಬಿಣದ ಸರಳುಗಳಿರುತ್ತವೆ. ಆ ಬಿಗಿಯಿಂದಲೇ ಕತ್ತಿವರಸೆಗೆ ರಭಸ ಬರುತ್ತದೆ. ಕಥೆ ಚಕ್ರವರ್ತಿ ಶಾರ್ಲಮೇನ್‌ನ ವೀರರಾದ ಒರ್ಲಾಂದೊ, ರಿನಾಲ್ದೊ ಮೊದಲಾದವರದು. ಹಿತ್ತಾಳೆಯ ಕವಚಗಳು ಒಂದಕ್ಕೊಂದು ಬಡಿದು ಝಣಝಣಿಸುತ್ತವೆ, ಆಡಿಸುವವರು ಪರದೆಯ ಹಿಂದೆ ಹಲಗೆಯ ಮೇಲೆ ಕಾಲು ಅಪ್ಪಳಿಸಿ ಯುದ್ಧದ ಲಯ ಹಿಡಿಯುತ್ತಾರೆ, ಒಂದು ಹೊಡೆತಕ್ಕೆ ವೈರಿಯ ತಲೆ ಉರುಳಿ ರಂಗದ ಅಂಚಿಗೆ ಬಂದು ನಿಲ್ಲುತ್ತದೆ. ಬಡಗು-ತೆಂಕಿನಂತೆ ಇಲ್ಲೂ ಎರಡು ತಿಟ್ಟುಗಳಿವೆ. ಪಲೆರ್ಮೊ ಗೊಂಬೆ ಒಂದು ಮೀಟರಿಗಿಂತ ಚಿಕ್ಕದು, ಮೊಣಕಾಲು ಮಡಿಸುತ್ತದೆ, ಕತ್ತಿಯನ್ನು ಒರೆಯಿಂದ ಎಳೆದು ಮತ್ತೆ ಒರೆಗೆ ಸೇರಿಸುತ್ತದೆ. ಕತಾನಿಯಾದ್ದು ಅದಕ್ಕಿಂತ ಎತ್ತರ, ಬಹಳ ಭಾರ, ಕಾಲು ನೆಟ್ಟಗೆ, ಕತ್ತಿ ಸದಾ ಕೈಯಲ್ಲಿ.

ಹಗಲು ಬಂದರಿನ ಸಮೀಪದ ಗೊಂಬೆ ವಸ್ತುಸಂಗ್ರಹಾಲಯವನ್ನು ನೋಡಿ. ಶಸ್ತ್ರವೈದ್ಯರೂ ಮಾನವಶಾಸ್ತ್ರಜ್ಞರೂ ಆಗಿದ್ದ ಆಂತೋನಿಯೊ ಪಾಸ್ಕ್ವಾಲೀನೊ ಕಟ್ಟಿದ್ದದು. ಸಂಜೆ ತೆಯಾತ್ರೊ ಮಾಸ್ಸಿಮೊ ಎಂಬ ಒಪೆರಾ ಮಂದಿರದ ಬಳಿಯ ಬಾರಾ ಆಲ್‌ಒಲಿವೆಲ್ಲಾ ಬೀದಿಯಲ್ಲಿರುವ ಕುತಿಕ್ಕಿಯೊ ಮನೆತನದ ಪುಟ್ಟ ರಂಗಮಂದಿರಕ್ಕೆ ಹೋಗಬಹುದು. ಪ್ರತಿದಿನ ಆಟವಿರುವುದಿಲ್ಲ, ಊರಿಗೆ ಬಂದ ದಿನವೇ ವಿಚಾರಿಸಿ ಆಸನ ಕಾದಿರಿಸಿ.

ಸಸ್ಯಾಹಾರಿಗಳಿಗೆ ಇಲ್ಲೊಂದು ಮಾತು. ಪಲೆರ್ಮೊದ ಬಲ್ಲಾರೊ, ಕಾಪೊ ಸಂತೆಗಳಲ್ಲಿ ಸಿಗುವ ಪನೆಲ್ಲೆ ನಮ್ಮ ಬಜ್ಜಿಯ ದಾಯಾದಿ. ಕಡಲೆಹಿಟ್ಟನ್ನು ನೀರಿನಲ್ಲಿ ಬೇಯಿಸಿ, ತೆಳ್ಳಗೆ ಹರವಿ, ಆರಿದ ಮೇಲೆ ಕತ್ತರಿಸಿ ಎಣ್ಣೆಯಲ್ಲಿ ಕರಿದು, ಎಳ್ಳು ಮೆತ್ತಿದ ಬನ್ನಿನೊಳಗಿಟ್ಟು, ಬೇಕಾದರೆ ನಿಂಬೆ ಹಿಂಡಿ ಕೊಡುತ್ತಾರೆ. ಬದನೆಕಾಯಿಯ ಪಾಸ್ತಾ ಆಲಾ ನೋರ್ಮಾ ಸಹ ನಿರಾತಂಕವಾಗಿ ಹೊಟ್ಟೆ ತುಂಬಿಸುತ್ತದೆ. ಎಚ್ಚರ ಬೇಕಾದದ್ದು ಬೇರೆಡೆ: ಸ್ಫಿಂಚೋನೆ ಎಂಬ ದಪ್ಪ ಪಿಜ್ಜಾದಲ್ಲಿ ಉಪ್ಪುಮೀನಿನ ಚೂರುಗಳಿರುತ್ತವೆ, 'ಬೆಣ್ಣೆಯದು' ಎಂದು ಮಾರುವ ಅರಾಂಚೀನಾ ಎಂಬ ಕರಿದ ಅನ್ನದುಂಡೆಯ ಒಳಗೆ ಹಂದಿಮಾಂಸದ ತುಣುಕುಗಳಿರಬಹುದು, ಕನ್ನೋಲಿ ಎಂಬ ಸಿಹಿತಿಂಡಿಯ ಗರಿಗರಿ ಕೊಳವೆಗೆ ಸಾಂಪ್ರದಾಯಿಕವಾಗಿ ಹಂದಿಕೊಬ್ಬನ್ನೇ ಬಳಸುತ್ತಾರೆ. 'ಸೆಂತ್ಸಾ ಕಾರ್ನೆ' (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಕೆಲವರು ಮೀನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 'ಸೆಂತ್ಸಾ ಪೆಶೆ' (ಮೀನು ಬೇಡ), 'ಸೆಂತ್ಸಾ ಸ್ತ್ರುತ್ತೊ' (ಹಂದಿಕೊಬ್ಬು ಬೇಡ) ಎಂಬುದನ್ನೂ ಸೇರಿಸಿ ಹೇಳಿ.

ಎಂಟನೆಯ ಹಂತ: ಉಪ್ಪಿನ ಆಗರದಲ್ಲಿ ಒಂದು ಸಂಜೆ

ಪಲೆರ್ಮೊದಿಂದ ತ್ರಾಪಾನಿಗೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ ಮಾರ್ಸಾಲಾದವರೆಗಿನ ಕರಾವಳಿಯಲ್ಲಿ ಉಪ್ಪಿನ ಆಗರಗಳೂ ಹಳೆಯ ಗಾಳಿಯಂತ್ರಗಳೂ ಹರಡಿವೆ. ಗೋಕರ್ಣದ ಬಳಿಯ ಸಾಣಿಕಟ್ಟಾ ಆಗರವನ್ನು ನೋಡಿದವರಿಗೆ ಇಲ್ಲಿನ ಕೆಲಸ ಕೂಡಲೇ ಅರ್ಥವಾಗುತ್ತದೆ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಮುಗಿಯಬೇಕಾದ ಕೊಯ್ಲು, ಮಳೆ ಚಳಿಗಾಲಕ್ಕೆ ಬೀಳುವ ಈ ನಾಡಿನಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. ಕಡಲ ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಯಿಸುತ್ತ ಹೋದಂತೆ ನೀರು ಗಾಢವಾಗುತ್ತದೆ, ಉಪ್ಪನ್ನು ತಾಳಬಲ್ಲ ಪಾಚಿಯಿಂದ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕಡೆಯ ಗದ್ದೆಯಲ್ಲಿ ಹರಳುಗಟ್ಟುತ್ತದೆ. ನಡುವಣ ಗದ್ದೆಯೊಂದಕ್ಕೆ ರೂಫಿಯಾನಾ ಎಂಬ ಹೆಸರು. ಎರಡು ಕಡೆಯವರ ನಡುವೆ ಸಂಬಂಧ ಕುದುರಿಸುವ ಹೆಂಗಸು ಎಂದರ್ಥ. ಗುಡ್ಡೆ ಹಾಕಿದ ಉಪ್ಪಿನ ಮೇಲೆ ಮಳೆ ತಾಗದಂತೆ ಹೆಂಚು ಹೊದಿಸುತ್ತಾರೆ. ಮಾಡಿನಿಂದ ಕೆಳಗಿಳಿದು ಉಪ್ಪಿನ ಮೇಲೆ ಕೂತ ಹೆಂಚುಗಳನ್ನು ನೋಡುವುದೇ ಒಂದು ಸೊಗಸು.

ಕೆಲವು ಆಗರಗಳಲ್ಲಿ ಕೊಯ್ಲಿನ ಕಾಲದಲ್ಲಿ ಸಂದರ್ಶಕರನ್ನೂ ಗದ್ದೆಗಿಳಿಸಿ ಗುದ್ದಲಿ ಕೊಡುತ್ತಾರೆ. ವಾರಕ್ಕೆ ಮುಂಚೆ ಕೇಳಿಟ್ಟುಕೊಳ್ಳಬೇಕು. ಕಾಲಿನಲ್ಲಿ ಗಾಯವಿದ್ದರೆ ಈ ಉತ್ಸಾಹ ಬೇಡ. ನೆಲವೆಲ್ಲ ಬಿಳಿಯಾದ್ದರಿಂದ ಬಿಸಿಲು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ಟೋಪಿಯಿದ್ದರೂ ಕಪ್ಪು ಕನ್ನಡಕ ಬೇಕೇ ಬೇಕು. ಮಾರ್ಸಾಲಾ ಕಡೆಯ ಆಗರಗಳ ಎದುರಿನ ಸ್ತಾನ್ಯೋನೆ ಹಿನ್ನೀರಿನಲ್ಲಿ ಮೋಟ್ಸಿಯಾ ದ್ವೀಪವಿದೆ, ಕ್ರಿ.ಪೂ. 397ರಲ್ಲಿ ಸಿರಾಕೂಜಾದ ದೊರೆ ದಿಯೊನಿಸಿಯಸ್ ಹಾಳುಗೆಡವಿದ, ಪ್ರಾಚೀನ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಪಟ್ಟಣ ಅಲ್ಲಿತ್ತು. ದೋಣಿಯಲ್ಲಿ ಹತ್ತು ನಿಮಿಷದ ಹಾದಿ. ಮಧ್ಯಾಹ್ನ ಮೂರರ ನಂತರ ದ್ವೀಪಕ್ಕೆ ಹೋಗಿ, ಐದರ ಹೊತ್ತಿಗೆ ಮರಳಿ, ಆಗರದ ಏರಿಯ ಮೇಲೆ ನಡೆಯುತ್ತ ಸೂರ್ಯಾಸ್ತಕ್ಕೆ ಕಾಯುವುದು ಸರಿಯಾದ ಕ್ರಮ. ಮರಳುವ ದೋಣಿಯ ವೇಳೆಯನ್ನು ಹತ್ತುವ ಮೊದಲೇ ಕೇಳಿಕೊಳ್ಳಿ.

ಸಂಜೆಯಾದ ಮೇಲೆ ಆಗರದಿಂದ ಊರಿಗೆ ಬಸ್ಸು ಸಿಗುತ್ತದೆಂದು ನಂಬಬೇಡಿ; ಬರುವಾಗಲೇ ಟ್ಯಾಕ್ಸಿಯವರೊಡನೆ ಮರುಪ್ರಯಾಣವನ್ನೂ ಮಾತಾಡಿಕೊಂಡಿರಬೇಕು. ಅಲ್ಲೇ ಕೊಂಡ ಕಲ್ಲುಪ್ಪಿನ ಚೀಲವನ್ನು ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ದೊಡ್ಡ ಪೆಟ್ಟಿಗೆಯಲ್ಲಿಡಿ. ತೇವ ಹೀರಿದ ಉಪ್ಪು ಜಿನುಗಿ ನನ್ನ ಎರಡು ಅಂಗಿಗಳ ಮೇಲೆ ಬಿಟ್ಟ ಬಿಳಿ ಗೆರೆಗಳು ಮೂರು ಒಗೆತಕ್ಕೂ ಹೋಗಲಿಲ್ಲ.